ಹಾರಾಟವಿಲ್ಲದ ದಿನಗಳಲ್ಲಿ ಡ್ರೋನ್ ಮತ್ತು ಅದರ ಬ್ಯಾಟರಿಯ ಸಂರಕ್ಷಣೆ

ಮುಂಬಯಿ ಮಹಾನಗರದಲ್ಲಿ ಖಾಸಗಿ ಡ್ರೋನೊಂದು ವರ್ಷದ ಬಹುಪಾಲು ದಿನಗಳನ್ನು ಕಪಾಟಿನಲ್ಲಿಯೇ ಕಳೆಯುತ್ತದೆ. ಇದಕ್ಕೆ ಕಾರಣಗಳು ಹಲವು. ನಗರದ ವಿಮಾನ ನಿಲ್ದಾಣವು ಊರ ಹೊರಗಿಲ್ಲ. ಸಾಂತಾಕ್ರೂಜ್, ವಿಲೆಪಾರ್ಲೆ, ಅಂಧೇರಿಗಳ ಜನವಸತಿಯ ನಡುವೆಯೇ ಇದೆ. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸರಹದ್ದಿನಿಂದ 8 ಕಿಲೋಮೀಟರ್ ಒಳಗೆ ಮುಕ್ತ ಹಾರಾಟದ ಹಸಿರು ವಲಯವೇ ಇರುವುದಿಲ್ಲ. 8ರಿಂದ 12 ಕಿಲೋಮೀಟರ್ ನಡುವಣ ಪ್ರದೇಶದಲ್ಲಿ 200 ಅಡಿ ಎತ್ತರದವರೆಗೆ ಮಾತ್ರ ಅದು ದೊರೆಯುತ್ತದೆ. ದಾದರ್‌ನಿಂದ ಗೋರೆಗಾಂವ್‌ವರೆಗಿನ ಇಡೀ ಪ್ರದೇಶ ಈ 8 ಕಿಲೋಮೀಟರಿನೊಳಗೆ ಬರುತ್ತದೆ. ದಕ್ಷಿಣದಲ್ಲಿ ಕೊಲಾಬಾದ ನೌಕಾನೆಲೆ, ಪೂರ್ವದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಇವೆ. ಇವಲ್ಲದೆ ನಗರ ಪೊಲೀಸರು ಭದ್ರತೆಯ ದೃಷ್ಟಿಯಿಂದ ಆಗಾಗ ತಿಂಗಳ ಅವಧಿಯ ನಿಷೇಧಾಜ್ಞೆಗಳನ್ನು ಹೊರಡಿಸುವುದುಂಟು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಂತೆ ಹೊರಡುತ್ತಿದ್ದ ಇಂಥ ಆಜ್ಞೆಗಳು 2024ರ ಜುಲೈ 1ರ ಅನಂತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಂತೆ ಹೊರಡುತ್ತವೆ. ಕೊನೆಯದಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ.

ಹೀಗೆ ಮದುವೆಯ ಚಿತ್ರೀಕರಣ ನಡೆಸುವ ಛಾಯಾಗ್ರಾಹಕನಾಗಲಿ, ಕಟ್ಟಡಗಳ ಸಮೀಕ್ಷೆ ಮಾಡುವ ಸಂಸ್ಥೆಯಾಗಲಿ, ಹವ್ಯಾಸಿ ವಿದ್ಯಾರ್ಥಿಯಾಗಲಿ, ತಮ್ಮ ಯಂತ್ರವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಇರಿಸಬೇಕಾಗುತ್ತದೆ. ಹಾರಿಸುವ ಕ್ರಮವನ್ನು ಎಲ್ಲರೂ ಆಸಕ್ತಿಯಿಂದ ಕಲಿಯುತ್ತಾರೆ. ಇರಿಸುವ ಕ್ರಮವನ್ನು ಕಲಿಯುವವರು ವಿರಳ. ಆದರೆ ಡ್ರೋನಿನ ಅತ್ಯಂತ ದುಬಾರಿಯಾದ ಮತ್ತು ಅತ್ಯಂತ ಅಪಾಯಕಾರಿಯಾದ ಭಾಗಗಳಲ್ಲೊಂದಾದ ಬ್ಯಾಟರಿಯು ಹಾಳಾಗುವುದು ಹೆಚ್ಚಾಗಿ ಈ ವಿರಾಮದ ಕಾಲದಲ್ಲಿಯೇ.

ಬ್ಯಾಟರಿಯೊಳಗೆ ನಡೆಯುವುದೇನು?

ಡ್ರೋನಿನಲ್ಲಿ ಬಳಸುವುದು ಲೀಥಿಯಂ ಬ್ಯಾಟರಿ. 1980ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡವು ಆಕ್ಸ್‌ಫರ್ಡಿನಲ್ಲಿ ಲೀಥಿಯಂ ಕೋಬಾಲ್ಟ್ ಆಕ್ಸೈಡಿನ ಉಪಯುಕ್ತತೆಯನ್ನು ತೋರಿಸಿಕೊಟ್ಟಿತು. ಜಪಾನಿನ ಅಕಿರಾ ಯೊಶಿನೊ ಅದನ್ನು ಬಳಕೆಗೆ ಯೋಗ್ಯವಾದ ಕೋಶವಾಗಿ ರೂಪಿಸಿದರು. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದಿತು. ಈ ಇಬ್ಬರಿಗೂ, ಇವರಿಗಿಂತ ಮೊದಲೇ ಹಾದಿ ಹಾಕಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಕೋಶದ ಒಂದು ಬದಿಯಲ್ಲಿ ಗ್ರಾಫೈಟಿನ ಪದರಗಳು, ಇನ್ನೊಂದು ಬದಿಯಲ್ಲಿ ಲೋಹದ ಆಕ್ಸೈಡು, ನಡುವೆ ಲೀಥಿಯಂ ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೊಲೈಟ್ ಎಂಬ ದ್ರಾವಣ. ಚಾರ್ಜ್ ಮಾಡಿದಾಗ ಅಯಾನುಗಳು ಗ್ರಾಫೈಟಿನೊಳಗೆ ಸೇರುತ್ತವೆ. ಯಂತ್ರ ಹಾರುವಾಗ ಹಿಂದಿರುಗುತ್ತವೆ. ತೂಕ ಕಡಿಮೆಯಾಗಲೆಂದು ಡ್ರೋನುಗಳಲ್ಲಿ ಲೋಹದ ಗಟ್ಟಿ ಕವಚದ ಬದಲು ತೆಳುವಾದ ಹಾಳೆಯ ಚೀಲದಲ್ಲಿ ಕೋಶವನ್ನು ಮುಚ್ಚಿರುತ್ತಾರೆ. ಇದನ್ನೇ ಲೀಥಿಯಂ ಪಾಲಿಮರ್ ಬ್ಯಾಟರಿ ಎಂದು ಕರೆಯುವ ರೂಢಿ.

ಇಂಥ ಒಂದು ಕೋಶದ ಸಾಮಾನ್ಯ ವಿದ್ಯುದ್ಬಲ 3.7 ವೋಲ್ಟ್. ಪೂರ್ಣ ತುಂಬಿದಾಗ 4.2 ವೋಲ್ಟ್, 3.0 ವೋಲ್ಟಿಗಿಂತ ಕೆಳಗೆ ಇಳಿಯಗೊಡಬಾರದು. ಈ ಎರಡು ತುದಿಗಳಲ್ಲಿಯೂ ಬ್ಯಾಟರಿಗೆ ಕ್ಷೇಮವಿಲ್ಲ. ಪೂರ್ಣ ತುಂಬಿ ಕುಳಿತ ಕೋಶದಲ್ಲಿ ಧನಧ್ರುವವು ಎಲೆಕ್ಟ್ರೊಲೈಟನ್ನು ನಿಧಾನವಾಗಿ ಕೊರೆಯುತ್ತಿರುತ್ತದೆ. ಅನಿಲ ಹುಟ್ಟಿ ಚೀಲ ಉಬ್ಬುತ್ತದೆ, ಸಾಮರ್ಥ್ಯ ಕುಗ್ಗುತ್ತದೆ. ಪೂರ್ಣ ಬರಿದಾದ ಕೋಶವನ್ನು ಹಾಗೆಯೇ ಮರೆತರೆ ಒಳಗಿನ ನಿಗಾ ಮಂಡಲವು ಉಳಿದ ಅಲ್ಪ ವಿದ್ಯುತ್ತನ್ನೂ ಹೀರುತ್ತದೆ. ಆಗ ಋಣಧ್ರುವದ ತಾಮ್ರದ ತಗಡು ಕರಗಲಾರಂಭಿಸುತ್ತದೆ. ಹೀಗೆ ಕರಗಿದ ತಾಮ್ರವು ಮುಂದೆ ಚಾರ್ಜ್ ಮಾಡುವಾಗ ಒಳಗೇ ಮತ್ತೆಲ್ಲೋ ಲೇಪಗೊಂಡು ಎರಡು ಧ್ರುವಗಳನ್ನು ಬೆಸೆಯಬಹುದು. ಸತ್ತಂತೆ ಕಾಣುವ ಬ್ಯಾಟರಿಯನ್ನು ಬಲವಂತದಿಂದ ಎಬ್ಬಿಸಿಕೊಡುವ ಬೀದಿಬದಿಯ ದುರಸ್ತಿಗೆ ಮರುಳಾಗಬಾರದೆನ್ನುವುದು ಇದೇ ಕಾರಣಕ್ಕೆ.

ಅರ್ಧ ತುಂಬಿಸಿ ಇರಿಸುವುದು

ವಾರಕ್ಕಿಂತ ಹೆಚ್ಚು ಕಾಲ ಹಾರಾಟವಿಲ್ಲವೆಂದು ತಿಳಿದಾಗ ಬ್ಯಾಟರಿಯನ್ನು ಶೇಕಡಾ 40ರಿಂದ 60ರವರೆಗೆ ತುಂಬಿಸಿ ಇರಿಸತಕ್ಕದ್ದು. ಪ್ರತಿ ಕೋಶಕ್ಕೆ ಇದು ಸುಮಾರು 3.8 ವೋಲ್ಟ್. ನಾಲ್ಕು ದೀಪಗಳ ಬ್ಯಾಟರಿಯಲ್ಲಿ ಎರಡು ಉರಿದರೆ ಸಾಕು. ಇದರ ಪ್ರಯೋಜನವು ಅಂಕಿಗಳಲ್ಲಿ ಸ್ಪಷ್ಟವಾಗುತ್ತದೆ. ಕೋಬಾಲ್ಟ್ ಆಧಾರಿತ ಸಾಮಾನ್ಯ ಲೀಥಿಯಂ ಕೋಶವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇಕಡಾ 40 ತುಂಬಿಸಿ ಒಂದು ವರ್ಷ ಇಟ್ಟರೆ ಕಳೆದುಕೊಳ್ಳುವ ಸಾಮರ್ಥ್ಯ ಸುಮಾರು ಶೇಕಡಾ 4; ಪೂರ್ಣ ತುಂಬಿಸಿ ಇಟ್ಟರೆ ಸುಮಾರು ಶೇಕಡಾ 20. ಉಷ್ಣತೆ 40 ಡಿಗ್ರಿಗೆ ಏರಿದರೆ ಈ ನಷ್ಟಗಳು ಕ್ರಮವಾಗಿ 15 ಮತ್ತು 35ಕ್ಕೆ ಮುಟ್ಟುತ್ತವೆ. ಒಮ್ಮೆಯೂ ಹಾರದೆ ಬ್ಯಾಟರಿಯ ಮೂರನೆಯ ಒಂದು ಭಾಗ ಕರಗಿಹೋಗುವುದೆಂದರೆ ಸಣ್ಣ ಮಾತಲ್ಲ.

ಈಚಿನ ಅನೇಕ ಡ್ರೋನುಗಳ ಬ್ಯಾಟರಿಗಳು ಕೆಲವು ದಿನ ಬಳಕೆಯಿಲ್ಲದಿದ್ದರೆ ತಾವಾಗಿಯೇ ಹೆಚ್ಚಿನ ವಿದ್ಯುತ್ತನ್ನು ಹೊರಹಾಕಿ ಸುರಕ್ಷಿತ ಮಟ್ಟಕ್ಕೆ ಇಳಿಯುತ್ತವೆ. ಆ ಸಮಯದಲ್ಲಿ ಅವು ತುಸು ಬೆಚ್ಚಗಾಗುವುದು ಸಹಜ, ಗಾಬರಿ ಬೇಕಿಲ್ಲ. ಈ ಏರ್ಪಾಡು ಇಲ್ಲದ ಬ್ಯಾಟರಿಗಳನ್ನು ಚಾರ್ಜರಿನ ಶೇಖರಣಾ ಕ್ರಮದಿಂದಲೋ, ಅನುಮತಿಯಿರುವ ಸ್ಥಳದಲ್ಲಿ ಕೆಲವು ನಿಮಿಷ ಹಾರಿಸಿಯೋ ಅರ್ಧಕ್ಕೆ ತರಬೇಕು. ಮೂರು ತಿಂಗಳಿಗೊಮ್ಮೆ ಹೊರತೆಗೆದು ಮಟ್ಟವನ್ನು ನೋಡುವುದು ಅವಶ್ಯ.

ಒಂದು ಸಾಮಾನ್ಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಮೇ ತಿಂಗಳ ರಜೆಯಲ್ಲಿ ಮಾಟುಂಗಾ, ಮುಲುಂಡ್, ಡೊಂಬಿವಲಿಗಳ ಕನ್ನಡಿಗ ಕುಟುಂಬಗಳು ಊರಿಗೆ ಹೊರಡುತ್ತವೆ. ಗ್ಯಾಸಿನ ಕೀಲಿ ತಿರುಗಿಸಿದ್ದಾಯಿತು, ನೀರಿನ ನಲ್ಲಿ ನೋಡಿದ್ದಾಯಿತು, ಕಿಟಕಿಗಳನ್ನು ಭದ್ರಪಡಿಸಿದ್ದಾಯಿತು. ಕಪಾಟಿನಲ್ಲಿರುವ ಮೂರು ಬ್ಯಾಟರಿಗಳನ್ನು, ಬಂದೊಡನೆ ಹಾರಿಸಲು ಅನುಕೂಲವಾಗಲೆಂದು, ಪೂರ್ಣ ತುಂಬಿಸಿಟ್ಟಿರುತ್ತಾರೆ. ಮುಚ್ಚಿದ ಮನೆಯಲ್ಲಿ, ವರ್ಷದ ಅತ್ಯಂತ ಬಿಸಿಯಾದ ತಿಂಗಳಿನಲ್ಲಿ, ನೋಡುವವರಿಲ್ಲದೆ. ಹೊರಡುವ ಮುನ್ನಾ ದಿನದ ಪಟ್ಟಿಯಲ್ಲಿ ಬ್ಯಾಟರಿಯನ್ನೂ ಸೇರಿಸಿಕೊಳ್ಳುವುದು ಲೇಸು.

ಒಂದು ಕೋಣೆಯ ಮನೆಯಲ್ಲಿ ಎಲ್ಲಿ ಇಡುವುದು?

ತಯಾರಕರ ಕೈಪಿಡಿಗಳು ತಂಪಾದ, ಒಣಗಿದ, ಗಾಳಿಯಾಡುವ ಕೊಠಡಿಯಲ್ಲಿ ಇಡಿರೆಂದು ಹೇಳಿ ಮುಗಿಸುತ್ತವೆ. ಹತ್ತು ಹನ್ನೆರಡು ಅಡಿಯ ಚಾಳಿನ ಖೋಲಿಯಲ್ಲಿ ಅಡುಗೆ, ನಿದ್ರೆ, ಮಕ್ಕಳ ಓದು ಎಲ್ಲವೂ ಒಂದೇ ಕಡೆ ನಡೆಯುವಾಗ ಈ ಸಲಹೆಯಿಂದ ಹೆಚ್ಚಿನ ಸಹಾಯವಾಗದು. ಆದ್ದರಿಂದ ಯಾವುದು ಬೇಡವೆಂಬುದರಿಂದ ಆರಂಭಿಸಬಹುದು. ಬಳಕೆಯಲ್ಲಿಲ್ಲದ ಸಾಮಾನನ್ನು ಅಟ್ಟಕ್ಕೆ ಏರಿಸುವುದು ಎಲ್ಲರ ರೂಢಿ. ತಗಡು ಅಥವಾ ಸಿಮೆಂಟ್ ಹಾಳೆಯ ಮಾಡಿಗೆ ತಾಗಿದ ಅಟ್ಟವು ಬೇಸಿಗೆಯಲ್ಲಿ ಮನೆಯ ಅತ್ಯಂತ ಬಿಸಿಯಾದ ಜಾಗ. ಫ್ರಿಜ್ಜಿನ ಮೇಲ್ಭಾಗ, ಬಿಸಿಲು ಬೀಳುವ ಕಿಟಕಿಯ ಗ್ರಿಲ್, ಒಲೆಯ ಪಕ್ಕ, ದೇವರ ದೀಪದ ಸಮೀಪ, ಇವೂ ಸಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಂತೂ ಉಷ್ಣತೆ 50 ಡಿಗ್ರಿಯನ್ನು ಮೀರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಟರಿಯನ್ನು ಬಾಗಿಲ ಬಳಿ ಇಡತಕ್ಕದ್ದಲ್ಲ, ಅಲ್ಲಿ ಚಾರ್ಜಿಗೂ ಹಾಕತಕ್ಕದ್ದಲ್ಲ. ಹೊರಹೋಗಲು ಒಂದೇ ಬಾಗಿಲಿರುವ ಮನೆಯಲ್ಲಿ ಬೆಂಕಿಯು ಆ ದಾರಿಯನ್ನೇ ಕಟ್ಟಿದರೆ ಒಳಗಿನವರಿಗೆ ಗತಿಯಿಲ್ಲ. ಒಳಗೋಡೆಗೆ ತಾಗಿದ ಕಪಾಟಿನ ಕೆಳ ಅಂಕಣ, ಬಟ್ಟೆ ಕಾಗದಗಳಿಲ್ಲದ ಜಾಗ, ಸಂಗ್ರಹಕ್ಕೆ ಯೋಗ್ಯ. ಬ್ಯಾಟರಿಗಳಿಗೆಂದೇ ಮಾರುವ ಅಗ್ನಿನಿರೋಧಕ ಚೀಲವಿದ್ದರೆ ಒಳ್ಳೆಯದು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕುವ ಜಾಣತನ ಬೇಡ; ಅನಿಲ ಹೊರಬರಲು ದಾರಿಯಿಲ್ಲದೆ ಡಬ್ಬಿಯೇ ಸಿಡಿಯಬಹುದು. ಚಾರ್ಜ್ ಮಾಡಲು ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆ ಅಥವಾ ಬರಿಯ ಟೈಲ್ಸ್ ನೆಲ ಉತ್ತಮ, ಒಲೆ ಆರಿರಬೇಕು ಎಂಬ ಷರತ್ತಿನೊಡನೆ. ಹಾಸಿಗೆಯ ಮೇಲೆ ಎಂದಿಗೂ ಕೂಡದು. ಹಾರಾಟ ಮುಗಿದೊಡನೆ ಬಿಸಿಯಾಗಿರುವ ಬ್ಯಾಟರಿಯನ್ನು ಚಾರ್ಜಿಗೆ ಹಚ್ಚದೆ ಕೋಣೆಯ ಉಷ್ಣತೆಗೆ ಇಳಿಯುವವರೆಗೆ ಕಾಯಬೇಕು. ಮನೆಯವರೆಲ್ಲ ಮಲಗಿದ ಮೇಲೆ ಚಾರ್ಜ್ ನಡೆಯಗೊಡಬಾರದು.

7.7 ವೋಲ್ಟಿನ, 2,250 ಮಿಲಿ ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿರುವ ಶಕ್ತಿ ಸುಮಾರು 17 ವಾಟ್-ಗಂಟೆ. ಅಂಕಿ ಚಿಕ್ಕದೆನಿಸಿದರೂ ಕೋಶವು ಒಳಗೇ ಕಾಯತೊಡಗಿದಾಗ ಒಂದು ಕೋಶದ ಬಿಸಿ ಮತ್ತೊಂದನ್ನು ಕೆರಳಿಸಿ, ದಹನಶೀಲ ಎಲೆಕ್ಟ್ರೊಲೈಟ್ ಹೊತ್ತಿಕೊಂಡು, ವಿಷಾನಿಲವೂ ಹೊರಡುತ್ತದೆ. ಅರ್ಧ ತುಂಬಿದ ಬ್ಯಾಟರಿಯಲ್ಲಿ ಈ ಪ್ರಕೋಪ ಕಡಿಮೆ. ಅರ್ಧ ಚಾರ್ಜಿನ ಎರಡನೆಯ ಲಾಭ ಇದು. ಬುಸುಗುಡುವ ಶಬ್ದ, ಸಿಹಿಯಾದ ತೀಕ್ಷ್ಣ ವಾಸನೆ ಅಥವಾ ಹೊಗೆ ಕಂಡೊಡನೆ ಮುಖ್ಯ ಸ್ವಿಚ್ಚನ್ನು ಆರಿಸಿ, ಎಲ್ಲರೂ ಹೊರಬಂದು, ಬಾಗಿಲೆಳೆದುಕೊಂಡು, 101 ಅಥವಾ 112ಕ್ಕೆ ಕರೆ ಮಾಡಬೇಕು. ವಿದ್ಯುತ್ ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿದು ತಣಿಸುವುದು ಸರಿಯಾದ ಕ್ರಮ. ಲೀಥಿಯಂ ಎಂದೊಡನೆ ನೀರು ಹಾಕಬಾರದೆಂಬ ನಂಬಿಕೆಯಿದೆ. ಅದು ಶುದ್ಧ ಲೋಹಕ್ಕೆ ಹೇಳಿದ ಮಾತು; ಮರುಚಾರ್ಜಿನ ಈ ಬ್ಯಾಟರಿಗಳಿಗೆ ಅನ್ವಯಿಸದು.

ಮಳೆಗಾಲ

ಜುಲೈ ತಿಂಗಳಿನಲ್ಲಿ ಮುಂಬಯಿಯ ಗಾಳಿಯ ಆರ್ದ್ರತೆ ಸಾಮಾನ್ಯವಾಗಿ ಶೇಕಡಾ 80ನ್ನು ಮೀರಿರುತ್ತದೆ. ಜೊತೆಗೆ ಸಮುದ್ರದ ಉಪ್ಪು. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಸುವ ಈ ಹವೆಯು ಡ್ರೋನಿನ ಕ್ಯಾಮರಾ ಮಸೂರದ ಮೇಲೂ ಶಿಲೀಂಧ್ರವನ್ನು ಬೆಳೆಸುತ್ತದೆ. ಬ್ಯಾಟರಿಯ ಸಂಪರ್ಕ ಬಿಂದುಗಳನ್ನು ಕಿಲುಬು ಹಿಡಿಸುತ್ತದೆ. ಹಪ್ಪಳ ಸಂಡಿಗೆಗಳನ್ನು ಮಳೆಗಾಲಕ್ಕೆ ಭದ್ರಪಡಿಸುವ ಗೃಹಿಣಿಯ ಉಪಾಯವೇ ಇಲ್ಲಿಯೂ ಸಾಕು. ರಬ್ಬರಿನ ಅಂಚುಳ್ಳ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳು, ಸಾಧ್ಯವಾದರೆ ಒಂದು ಸಣ್ಣ ಆರ್ದ್ರತಾ ಮಾಪಕ. ಶೇಕಡಾ 40ರಿಂದ 50ರ ನಡುವೆ ಇದ್ದರೆ ಮಸೂರಕ್ಕೆ ಹಿತ. ನೀಲಿ ಹರಳು ಗುಲಾಬಿಯಾದಾಗ ಅಥವಾ ಕಿತ್ತಳೆ ಬಣ್ಣದ್ದು ಹಸಿರಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹೂತಿಡುವುದರಿಂದ ಮೋಟಾರಿನೊಳಗೆ ಧೂಳು ಸೇರುವುದೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ. ಹಳೆಯ ಛಾಯಾಗ್ರಾಹಕರು ಫಿಲ್ಮ್ ಸುರುಳಿಗಳನ್ನು ಫ್ರಿಜ್ಜಿನಲ್ಲಿಡುತ್ತಿದ್ದುದನ್ನು ನೆನೆದು ಬ್ಯಾಟರಿಯನ್ನೂ ಅಲ್ಲಿಡುವವರುಂಟು. ಹೊರತೆಗೆದೊಡನೆ ಅದರ ಮೇಲೆ ಇಬ್ಬನಿ ಕಟ್ಟುವುದರಿಂದ ಮುಂಬಯಿಯ ಹವೆಗೆ ಇದು ತರವಲ್ಲ.

ಡ್ರೋನನ್ನು ಡಬ್ಬಿಗೆ ಸೇರಿಸುವಾಗ ಬ್ಯಾಟರಿಯನ್ನು ಕಳಚಿ ಪ್ರತ್ಯೇಕವಾಗಿ ಇಡಬೇಕು. ಒಳಗೇ ಉಬ್ಬಿದ ಬ್ಯಾಟರಿ ಯಂತ್ರದ ಕವಚವನ್ನು ಒಡೆದೀತು. ಕ್ಯಾಮರಾದ ಗಿಂಬಲ್ ಮೇಲೆ ಅದರ ಮುಚ್ಚಿಗೆ ಇರಲಿ, ರೆಕ್ಕೆಗಳ ಮೇಲೆ ಭಾರ ಬೀಳದಿರಲಿ. ಕಡಲ ತೀರದಲ್ಲಿ ಹಾರಿಸಿದ್ದರೆ ಮೋಟಾರುಗಳನ್ನು ಒಣ ಕುಂಚದಿಂದ ಶುಚಿ ಮಾಡಿಯೇ ಇಡಬೇಕು, ಏಕೆಂದರೆ ಮರಳಿನಲ್ಲಿರುವ ಕಬ್ಬಿಣದ ಕಣಗಳು ಮೋಟಾರಿನ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ.

ಪ್ರಯಾಣದಲ್ಲಿ

ಮುಂಬಯಿಯಿಂದ ಮಂಗಳೂರಿಗೋ ಹುಬ್ಬಳ್ಳಿಗೋ ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು; ಸರಕಿನೊಡನೆ ಹೋಗುವ ಪೆಟ್ಟಿಗೆಯಲ್ಲಿ ಅವಕ್ಕೆ ಅವಕಾಶವಿಲ್ಲ. 100 ವಾಟ್-ಗಂಟೆಯನ್ನು ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಸಂಪರ್ಕ ಬಿಂದುಗಳಿಗೆ ಅಂಟುಪಟ್ಟಿ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಇಡತಕ್ಕದ್ದು. ರೈಲಿನಲ್ಲಿಯಾದರೆ ಬೋಗಿಯ ಸಾಕೆಟ್ಟಿಗೆ ಬ್ಯಾಟರಿ ಹಚ್ಚಿ ನಿದ್ರಿಸುವುದು ಬೇಡ.

ಮತ್ತೆ ಹಾರಿಸುವ ಮುನ್ನ

ಮಳೆ ಹಿಂದೆಗೆದು, ನಿಷೇಧಾಜ್ಞೆ ಜಾರಿಯಲ್ಲಿಲ್ಲವೆಂದು ಖಚಿತವಾದ ಮೇಲೆ, ಹಾರಾಟದ ಹಿಂದಿನ ದಿನ ಪೂರ್ಣ ಚಾರ್ಜ್ ಮಾಡಬೇಕು. ಪರದೆಯ ಮೇಲೆ ಪ್ರತಿ ಕೋಶದ ವೋಲ್ಟ್ ತೋರುವ ಯಂತ್ರಗಳಲ್ಲಿ ಕೋಶ ಕೋಶಗಳ ನಡುವೆ 0.1 ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಆ ಬ್ಯಾಟರಿಯನ್ನು ಸಂಶಯದಿಂದಲೇ ನೋಡಬೇಕು. ಮೊದಲ ಹಾರಾಟದಲ್ಲಿ ತಲೆಯೆತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ, ಶೇಕಡಾವಾರು ಅಂಕಿ ದಿಢೀರನೆ ಕುಸಿಯುವುದೇ ಎಂದು ಗಮನಿಸಿ ಮುಂದುವರಿಯುವುದು ವಿವೇಕ.

ಸಮತಟ್ಟಾದ ಮೇಜಿನ ಮೇಲಿಟ್ಟಾಗ ಅಲುಗಾಡುವಷ್ಟು ಉಬ್ಬಿದ ಬ್ಯಾಟರಿ ಮುಗಿದಂತೆಯೇ. ಅದನ್ನು ಚುಚ್ಚಿ ಅನಿಲ ಬಿಡುವ ಪ್ರಯತ್ನ ಪ್ರಾಣಾಪಾಯಕರ. ಮನೆಯ ಕಸದೊಡನೆ ಹಾಕಿದರೆ ಕಸವನ್ನು ಒತ್ತಿ ಹಿಂಡುವ ಲಾರಿಯಲ್ಲಿ ಅದು ಜಜ್ಜಿ ಹೊತ್ತಿಕೊಳ್ಳಬಹುದು. ಪೌರಕಾರ್ಮಿಕರ ಕೈಯಲ್ಲಿಯೇ ಸಿಡಿಯಲೂಬಹುದು. 2022ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪ್ರಕಟಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರನು ಹಳೆಯ ಬ್ಯಾಟರಿಯನ್ನು ಇತರ ಕಸದಿಂದ ಪ್ರತ್ಯೇಕಿಸಿ ಸಂಗ್ರಹಕಾರರಿಗೋ ಮರುಬಳಕೆ ಘಟಕಕ್ಕೋ ತಲುಪಿಸಬೇಕು. ಅದನ್ನು ಹಿಂಪಡೆಯುವ ಹೊಣೆ ತಯಾರಕರ ಮೇಲಿದೆ. ಒಯ್ಯುವ ದಿನದವರೆಗೆ ಸಂಪರ್ಕ ಬಿಂದುಗಳಿಗೆ ಅಂಟುಪಟ್ಟಿ ಹಚ್ಚಿ, ಒಣ ಮರಳು ತುಂಬಿದ ಬಕೆಟ್ಟಿನಲ್ಲಿ ಹೂತು, ಮಕ್ಕಳ ಕೈಗೆ ಸಿಗದಂತೆ ಮನೆಯ ಹೊರಗೆ ನೆರಳಿನಲ್ಲಿ, ಮೆಟ್ಟಿಲ ದಾರಿಗೆ ಅಡ್ಡವಾಗದಂತೆ ಇಟ್ಟಿರಬಹುದು.