ಯಮುನೆಗೆ ಹರಡಿಕೊಳ್ಳಲು ಜಾಗ



2023ರ ಜುಲೈ ನೆನಪಿದೆಯಲ್ಲವೇ? ದೆಹಲಿಯ ಹಳೇ ರೈಲ್ವೆ ಸೇತುವೆಯ ಬಳಿ ಯಮುನೆ 208.66 ಮೀಟರ್ ಮುಟ್ಟಿದಳು. 1978ರ ದಾಖಲೆಯೂ ಮುರಿಯಿತು. ನದಿ ಊರೊಳಗೆ ನುಗ್ಗಿತು ಎಂದೆವು. ಅವಳ ಜಾಗಕ್ಕೆ ಮೊದಲು ನುಗ್ಗಿದವರು ನಾವು, ಆ ಮಾತು ಬೇರೆ!

ಆ ಜಾಗವನ್ನು ಒಂದಿಷ್ಟು ಮರಳಿಸಿದ ಕೆಲಸ ವಜೀರಾಬಾದ್ ಬಳಿ ನಡೆದಿದೆ. ಅದೇ 457 ಎಕರೆಯ ಯಮುನಾ ಜೀವವೈವಿಧ್ಯ ಉದ್ಯಾನ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಯೋಜನೆ. ರೂಪ ಕೊಟ್ಟದ್ದು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ. ಆಗ ಅಲ್ಲಿದ್ದದ್ದು ಉಪ್ಪು ಹಿಡಿದ ಚೌಳು ನೆಲ. ನೇರವಾಗಿ ಸಸಿ ನೆಟ್ಟರೆ ಬದುಕುವುದು ಕಷ್ಟ. ಹಾಗಾಗಿ ಮೊದಲು ಹುಲ್ಲು ಬೆಳೆಸಿದರು. ಅದರ ಬೇರು ಮಣ್ಣನ್ನು ಸಡಿಲಿಸಿ, ಕೊಳೆತು ಗೊಬ್ಬರವಾದ ಮೇಲೆ ಮರಗಳ ಸರದಿ.

ನೀರಿಗೂ ಲೆಕ್ಕವಿದೆ. ಕೊಳವನ್ನು ಎಲ್ಲೆಡೆ ಒಂದೇ ಆಳಕ್ಕೆ ತೋಡಿದರೆ ಆಗದು. ಮುಳುಗಿ ಮೇಯುವ ಬಾತುಗಳಿಗೆ ಆಳ ಬೇಕು, ನಡೆದಾಡುವ ಕೊಕ್ಕರೆಗಳಿಗೆ ತೆಳು ನೀರು, ಅವಿತುಕೊಳ್ಳುವ ಹಕ್ಕಿಗಳಿಗೆ ಅಂಚಿನ ಜೊಂಡು. ಚಳಿಗಾಲಕ್ಕೆ ಕೆಂಪು ಜುಟ್ಟಿನ ಬಾತುಗಳು ದೂರದಿಂದ ಹಾರಿ ಬರುತ್ತವೆ. 2016ರಲ್ಲಂತೂ ಚಿರತೆಯೇ ಬಂದಿತ್ತು! ಪಾಪ, ಅದಕ್ಕೆ ಆಮಂತ್ರಣ ಹೋಗಿರಲಿಲ್ಲ.

ಇಷ್ಟು ಜಾಗದಿಂದ ದೆಹಲಿಯ ಪ್ರವಾಹ ನಿಲ್ಲದು, ಸುಳ್ಳು ಆಸೆ ಬೇಡ. ಆದರೆ ತೆರೆದಿಟ್ಟ ನದಿಬಯಲಿನಲ್ಲಿ ನೆರೆನೀರು ಹರಡಿ, ನಿಧಾನವಾಗಿ ಮರಳಿಗೆ ಇಂಗುತ್ತದೆ. ಪಲ್ಲಾ ಬಳಿಯ ಕೊಳವೆಬಾವಿಗಳು ಎತ್ತುವುದು ಹೀಗೆ ಇಂಗಿದ ನೀರನ್ನೇ. ನಿಮ್ಮ ಮನೆಯ ನಲ್ಲಿಗೂ ಅದು ಬರುತ್ತಿರಬಹುದು.

ಈ ಚಳಿಗಾಲ ಮಕ್ಕಳೊಂದಿಗೆ ಒಮ್ಮೆ ಹೋಗಿ ಬನ್ನಿ. ಗೇಟ್ ತೆರೆಯುವ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಕಂಡ ಹಕ್ಕಿಗಳ ಪಟ್ಟಿ ನಮಗೆ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ.