ಪಂಚಾಂಗ ನೋಡಿ ಪಂದ್ಯ: ತಾಂಬರದ ಟ್ರಯಥ್ಲಾನ್ ಸಂಘಕ್ಕೊಂದು ವರ್ಷದ ಯೋಜನೆ

ಈಜು, ಸೈಕಲ್ ಸವಾರಿ, ಓಟ - ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಓಟಗಾರರ ಸಂಘವೊಂದು ನಡೆಸಿದ ಪಂದ್ಯದಿಂದ ಮೊದಲಾದ ಈ ಆಟ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇತರ ಕ್ರೀಡೆಗಳ ಪಂಕ್ತಿಗೆ ಸೇರಿತು. ಈಗ ತಾಂಬರ, ಸೇಲೈಯೂರು, ಕ್ರೋಮ್‌ಪೇಟೆಗಳ ಕಡೆಯ ನಮ್ಮ ಮನೆಗಳಲ್ಲಿಯೂ ಬೆಳಗಿನ ನಾಲ್ಕೂವರೆಗೆ ಎದ್ದು ಸೈಕಲ್ಲಿಗೆ ಗಾಳಿ ತುಂಬುವ ತರುಣರೂ, ತಮ್ಮನ್ನು ತಾವು ತರುಣರೆಂದೇ ಭಾವಿಸಿರುವ ನಲವತ್ತೈದರ ಹಿರಿಯರೂ ಹುಟ್ಟಿಕೊಂಡಿದ್ದಾರೆ. ಹತ್ತು ಮಂದಿ ಕೂಡಿದರೆ ಒಂದು ಸಂಘ. ಸಂಘವಾದ ಮೇಲೆ ಅದಕ್ಕೊಂದು ವರ್ಷದ ಯೋಜನೆ ಬೇಡವೆ?

ಮೊದಲು ಅಳತೆಯ ಮಾತು. ಇದರಲ್ಲಿ ಚಿಕ್ಕದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಲಿಂಪಿಕ್ ಅಳತೆಯೆಂದರೆ ಇದರ ಇಮ್ಮಡಿ. ಅದರ ಮೇಲಿನದು 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ, ಮೈಲಿಗಳಲ್ಲಿ ಕೂಡಿದರೆ 70.3 ಆಗುವುದರಿಂದ ಆ ಅಂಕಿಯೇ ಅದರ ಹೆಸರಾಗಿದೆ. ಅದರ ಇಮ್ಮಡಿಯೇ ಪೂರ್ಣ ಐರನ್‌ಮ್ಯಾನ್. ಹೊಸ ಸಂಘದವರು ಅದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಅಭ್ಯಾಸಕ್ರಮವನ್ನು ಹೇಳುವ ಪುಸ್ತಕಗಳಿಗೆ ಕೊರತೆಯಿಲ್ಲ. ವರ್ಷವನ್ನು ತಳಹದಿ, ಹದಗೊಳಿಸುವಿಕೆ, ಸ್ಪರ್ಧೆ, ವಿಶ್ರಾಂತಿ ಎಂದು ವಿಭಾಗ ಮಾಡುವ ಕ್ರಮವನ್ನು 1960ರ ದಶಕದಲ್ಲಿ ಸೋವಿಯತ್ ದೇಶದ ಮತ್ವೇಯೆವ್ ಎಂಬ ವಿದ್ವಾಂಸರು ಶಾಸ್ತ್ರವಾಗಿ ನಿರೂಪಿಸಿದರು. ತತ್ತ್ವವೇನೋ ಸರಿ. ಆದರೆ ಹಿಮ ಬೀಳುವ ನಾಡಿನವರು ಚಳಿಗಾಲದಲ್ಲಿ ತಳಹದಿ ಹಾಕಿ ಬೇಸಿಗೆಯಲ್ಲಿ ಪಂದ್ಯವಾಡುತ್ತಾರೆ. ಅದನ್ನೇ ಇಲ್ಲಿ ಇಳಿಸಿದರೆ ಪಂದ್ಯದ ಮೇ ತಿಂಗಳು ಅಗ್ನಿನಕ್ಷತ್ರದ ಕತ್ತಿರಿ ಬಿಸಿಲಿಗೆ ಸಿಕ್ಕುತ್ತದೆ. ದೂರದ ಸವಾರಿಗಳ ನವೆಂಬರ್ ತಿಂಗಳು ಈಶಾನ್ಯ ಮಳೆಯಲ್ಲಿ ಮುಳುಗುತ್ತದೆ. ಆದ್ದರಿಂದ ನಮ್ಮವರು ಪುಸ್ತಕವನ್ನು ಬದಿಗಿಟ್ಟು ಮೊದಲು ಪಂಚಾಂಗವನ್ನು ತೆರೆಯಬೇಕು.

ಇಲ್ಲಿ ಓಡುವುದಕ್ಕೆ ಹಿತವಾದ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ. ಚೆನ್ನೈ ಮ್ಯಾರಥಾನ್ ಕೂಡ ಈಚಿನ ವರ್ಷಗಳಲ್ಲಿ ಜನವರಿಯ ಮೊದಲ ವಾರದಲ್ಲಿಯೇ ನಡೆಯುತ್ತಿದೆ. ಅದರ 10 ಕಿಲೋಮೀಟರ್ ಓಟ ನಮ್ಮವರಿಗೆ ಒಳ್ಳೆಯ ಪರೀಕ್ಷೆ. ಹಾಗಾದರೆ ಮುಖ್ಯ ಪಂದ್ಯವನ್ನೂ ಜನವರಿಯಲ್ಲೇ ಇಟ್ಟುಕೊಳ್ಳೋಣವೆಂದರೆ ಒಂದು ತೊಡಕಿದೆ. ಪಂದ್ಯದ ಹಿಂದಿನ ಎರಡು ಮೂರು ತಿಂಗಳೇ ಕಠಿಣ ಅಭ್ಯಾಸದ ಕಾಲ. ಆ ತಿಂಗಳುಗಳೇ ಇಲ್ಲಿ ಮಳೆಯ ಪಾಲು. 2015ರ ಡಿಸೆಂಬರ್ ಮೊದಲ ದಿನ ತಾಂಬರದಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಬಿದ್ದುದನ್ನೂ, ಮುಡಿಚ್ಚೂರಿನ ಬೀದಿಗಳಲ್ಲಿ ದೋಣಿಗಳು ಓಡಾಡಿದುದನ್ನೂ ಇಲ್ಲಿದ್ದವರು ಯಾರೂ ಮರೆತಿಲ್ಲ. ಪ್ರತಿವರ್ಷವೂ ಹಾಗಾಗುವುದಿಲ್ಲ, ನಿಜ. ಆದರೂ ನೀರು ತುಂಬಿದ ರಸ್ತೆಯಲ್ಲಿ ಗುಂಡಿ ಎಲ್ಲಿದೆಯೋ ಮುಚ್ಚಳವಿಲ್ಲದ ಚರಂಡಿ ಎಲ್ಲಿದೆಯೋ ಹೇಳಲಾಗದು. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ ದೂರದ ಸೈಕಲ್ ಸವಾರಿಯನ್ನು ಲೆಕ್ಕದಿಂದಲೇ ತೆಗೆದುಬಿಡುವುದು ಜಾಣತನ. ಮಳೆ ಬಿಟ್ಟ ಬೆಳಿಗ್ಗೆ ಓಟ, ಗುಡುಗಿಲ್ಲದ ದಿನ ಕೊಳದಲ್ಲಿ ಈಜು, ಮನೆಯಲ್ಲಿ ಕಾಲು ಬೆನ್ನುಗಳ ವ್ಯಾಯಾಮ - ಇಷ್ಟು ಸಾಕು.

ಹಾಗೆ ಮಾಡಿದರೆ ಮುಖ್ಯ ಪಂದ್ಯ ಫೆಬ್ರವರಿಯ ಕೊನೆಗೆ ಬರುತ್ತದೆ. ಮಳೆ ನಿಂತ ಮೇಲೆ ಎಂಟು ವಾರಗಳ ಸವಾರಿ ದೊರೆಯುತ್ತದೆ. ಮಾರ್ಚಿಯಲ್ಲಿ ಮಕ್ಕಳ ಪರೀಕ್ಷೆ ಶುರುವಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಆ ವೇಳೆಗೆ ಹೊರಗಿನ ಪಂದ್ಯ ಯಾವುದೂ ಸಿಕ್ಕದಿದ್ದರೆ ಸಂಘವೇ ಕೊಳವೊಂದನ್ನು ಬಾಡಿಗೆಗೆ ಹಿಡಿದು ಸ್ಪ್ರಿಂಟ್ ಅಳತೆಯಲ್ಲಿ ತನ್ನ ಪಂದ್ಯವನ್ನು ನಡೆಸಬಹುದು. ಗಡಿಯಾರ ಹಿಡಿಯಲು ಮನೆಯವರಿದ್ದಾರಲ್ಲ!

ಏಪ್ರಿಲ್, ಮೇ ತಿಂಗಳುಗಳು ವಿಶ್ರಾಂತಿಗೆ. ಈ ವಿಷಯದಲ್ಲಿ ನಮಗೆ ನೆರೆಯವರಿಗಿಲ್ಲದ ಭಾಗ್ಯವೊಂದಿದೆ. ಮಕ್ಕಳಿಗೆ ರಜೆ ಬಂತೆಂದರೆ ಸಂಸಾರ ಸಮೇತ ಬೆಂಗಳೂರಿಗೋ ಮೈಸೂರಿಗೋ ಹೋಗುವವರು ನಾವು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಬೇಸಿಗೆಯ ಮುಂಜಾನೆ ತಾಂಬರದ ಎಷ್ಟೋ ಮುಂಜಾನೆಗಳಿಗಿಂತ ತಂಪು. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರ್ ಓಟ ಈಚೆಗೆ ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಬೀಳುತ್ತದೆ. ಅಜ್ಜಿಯ ಮನೆಗೆ ಹೋದ ಹಾಗೂ ಆಯಿತು, ಓಡಿದ ಹಾಗೂ ಆಯಿತು.

ಜೂನಿನಿಂದ ಸೆಪ್ಟೆಂಬರಿನವರೆಗೆ ತಳಹದಿಯ ಕಾಲ. ಇಲ್ಲಿ ಆ ತಿಂಗಳುಗಳ ಮಳೆ ಹೆಚ್ಚಾಗಿ ಸಂಜೆಯ ಮೇಲೆ ಬರುವುದರಿಂದ ಬೆಳಗಿನ ಹೊತ್ತು ರಸ್ತೆ ಒಣಗಿರುತ್ತದೆ. ಶೆಕೆ ಮಾತ್ರ ವಿಪರೀತ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದೆ ಮೈ ತಣಿಯದು. ತಣಿಸುವ ಸಲುವಾಗಿ ರಕ್ತ ಚರ್ಮದ ಕಡೆಗೆ ಹರಿದು, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಆದ್ದರಿಂದ ಗಡಿಯಾರವನ್ನು ನಂಬದೆ ಉಸಿರನ್ನು ನಂಬಿ ಓಡಬೇಕು. ಪಕ್ಕದವರೊಡನೆ ಮಾತಾಡಲು ಸಾಧ್ಯವಾಗುವಷ್ಟೇ ವೇಗ. ಮೂರು ವಾರ ಸ್ವಲ್ಪ ಸ್ವಲ್ಪವಾಗಿ ಏರಿಸಿ ನಾಲ್ಕನೆಯ ವಾರ ಇಳಿಸಬೇಕು. ವಾರಕ್ಕೆ ಐದಾರು ಗಂಟೆಗಳ ಅಭ್ಯಾಸ ಸ್ಪ್ರಿಂಟಿಗೆ ಧಾರಾಳವಾಯಿತು. ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಉತ್ತಮ ಪಾನೀಯವನ್ನು ಹುಡುಕಿ ಹಣ ಸುರಿಯಬೇಕಾಗಿಲ್ಲ. ತಲೆಸುತ್ತು, ಚಳಿ, ತೊದಲು ಮಾತು ಕಂಡರೆ ಓಟವನ್ನು ಅಲ್ಲಿಯೇ ನಿಲ್ಲಿಸಿ, ನೆರಳಿಗೆ ಕರೆತಂದು, ಮೈಗೆ ತಣ್ಣೀರು ಹುಯ್ದು, ವೈದ್ಯರಿಗೆ ಹೇಳಿಕಳುಹಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರೂ ನಲವತ್ತು ದಾಟಿದವರೂ ಜೂನಿಗೆ ಮೊದಲೇ ವೈದ್ಯರನ್ನು ಕಾಣಲಿ.

ಈಜಿನ ವಿಷಯದಲ್ಲಿ ಸಂಘ ಕಟ್ಟುನಿಟ್ಟಾಗಿರಬೇಕು. ಎಷ್ಟೋ ಮಂದಿ ಓಡಬಲ್ಲರು, ಸೈಕಲ್ ಬಿಡಬಲ್ಲರು, ಈಜನ್ನು ಮಾತ್ರ ನಡುವಯಸ್ಸಿನಲ್ಲಿ ಕಲಿಯತೊಡಗುತ್ತಾರೆ. ನಾಚಿಕೆಪಡಬೇಕಾದುದೇನೂ ಇಲ್ಲ. ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಐದರ ಪ್ರಾಯದಲ್ಲಿ ನೀರಿನಲ್ಲಿ ಮುಳುಗಿ ಹೋಗುವುದರಲ್ಲಿದ್ದವರು. 1991ರಲ್ಲಿ ಅವರ ತಂದೆ ಅವರಿಗೆ ಈಜು ಕಲಿಸಿದುದು ಇದೇ ಊರಿನ ಶೆಣೈನಗರದ ಕೊಳದಲ್ಲಿ. ನಮ್ಮ ಕಡೆಗೆ ಹತ್ತಿರವಾದುದು ವೇಳಚ್ಚೇರಿಯ ಸರ್ಕಾರಿ ಈಜು ಸಂಕೀರ್ಣ. 1995ರ ದಕ್ಷಿಣ ಏಷ್ಯಾ ಕ್ರೀಡೆಗಳಿಗಾಗಿ ಕಟ್ಟಿದ್ದು. ಕೊಳದಲ್ಲಿ ನಿಲ್ಲದೆ 1000 ಮೀಟರ್ ಈಜಿ ತೋರಿಸದವರನ್ನು ಕಡಲಿಗೆ ಇಳಿಸಕೂಡದು. ಈಜು ಬಲ್ಲವರೂ ಇಬ್ಬರಿಗೆ ಕಡಿಮೆಯಾಗಿ, ದಡದಲ್ಲಿ ಕಾವಲಿಲ್ಲದೆ ಇಳಿಯಬಾರದು. ಈ ಕರಾವಳಿಯಲ್ಲಿ ಅಲೆಯ ಅಡಿಯಿಂದ ಹೊರಕ್ಕೆಳೆಯುವ ಸೆಳೆತ ಬಲ್ಲವರನ್ನೂ ಬಿಟ್ಟಿಲ್ಲ. ಅದಕ್ಕೆ ಸಿಕ್ಕಿದವರು ಎದುರೀಜದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಈಶಾನ್ಯ ಮಳೆಯ ತಿಂಗಳುಗಳಲ್ಲಂತೂ ಸಮುದ್ರದ ಮಾತೇ ಬೇಡ.

ಸೈಕಲ್ಲಿಗೆ ವಂಡಲೂರಿನಿಂದ ಕೇಳಂಬಾಕ್ಕಂ ಮೇಲೆ ಕೋವಳಂ ಸೇರಿ, ಅಲ್ಲಿಂದ ಪೂರ್ವ ಕರಾವಳಿ ರಸ್ತೆಯಲ್ಲಿ ಮಹಾಬಲಿಪುರದ ಕಡೆಗೆ ಹೋಗುವ ದಾರಿಯುಂಟು. ಭಾನುವಾರ ಬೆಳಗಾಗುವ ಮೊದಲು ಹೊರಟು, ಕಾರುಗಳ ಭರಾಟೆ ಏರುವ ಮೊದಲು ಹಿಂದಿರುಗಬೇಕು. ಹೆಲ್ಮೆಟ್ಟೂ ಹಿಂದೆ ಮುಂದೆ ದೀಪವೂ ಇಲ್ಲದವರನ್ನು ಸಂಘ ಮನೆಗೆ ಕಳುಹಿಸಲಿ. ತಿಂಗಳಿಗೆರಡು ಬಾರಿ ಸವಾರಿಯಿಂದ ಇಳಿದವರೇ ಇಪ್ಪತ್ತು ನಿಮಿಷ ಓಡಬೇಕು. ಕಾಲು ಮರದ ತುಂಡಿನಂತಾಗುವ ಆ ಅನುಭವ ಪಂದ್ಯದ ದಿನ ಹೊಸದಾಗಿರಬಾರದು.

ಬಲವುಳ್ಳವರಿಗೆ ಇಷ್ಟು ಸಾಲದು. ಅವರ ಕಣ್ಣು 2019ರಲ್ಲಿ ಆರಂಭವಾದ ಗೋವೆಯ ಐರನ್‌ಮ್ಯಾನ್ 70.3ರ ಮೇಲೆ. ಅಕ್ಟೋಬರ್ ಅಥವಾ ನವೆಂಬರಿನಲ್ಲಿ ನಡೆಯುವ ಆ ಪಂದ್ಯಕ್ಕೆ ನಮ್ಮ ಜೂನ್-ಸೆಪ್ಟೆಂಬರಿನ ಒಣ ಮುಂಜಾನೆಗಳು ಚೆನ್ನಾಗಿ ಹೊಂದುತ್ತವೆ. ಆದರೂ ಮೊದಲ ವರ್ಷ ಒಬ್ಬರೇ ಎಂಟೂವರೆ ಗಂಟೆಯ ಗಡುವಿನ ಹಿಂದೆ ಬೀಳುವುದಕ್ಕಿಂತ, ಅಲ್ಲಿ ಅವಕಾಶವಿರುವ ಮೂವರ ತಂಡವಾಗಿ ಹೋಗುವುದು ವಾಸಿ: ಒಬ್ಬರು ಈಜಲಿ, ಒಬ್ಬರು ಸೈಕಲ್ ತುಳಿಯಲಿ, ಒಬ್ಬರು ಓಡಲಿ. ವಯಸ್ಸಿಗೆ ಬಂದ ಮಗಳು ಈಜು ಬಲ್ಲವಳಾದರೆ ಅಪ್ಪ ಸೈಕಲ್, ಸೋದರಮಾವ ಓಟ.

ಜನವರಿ ಬಂದೊಡನೆ ಪ್ರತಿಯೊಬ್ಬ ಸದಸ್ಯನಿಂದಲೂ ಒಂದೇ ಒಂದು ಗುರಿಯನ್ನು ಬರೆಸಿಕೊಳ್ಳಬೇಕು. ವೇಗಶಾಲಿಯ ಗುರಿ ನಿಮಿಷಗಳಲ್ಲಿರಲಿ. ಮೊದಲ ಬಾರಿಯವರಿಗೆ ಮುಗಿಸುವುದೇ ಗುರಿ. ಸಂಘದ ವೇಳಾಪಟ್ಟಿಯನ್ನು ಕಟ್ಟಬೇಕಾದುದು ಈ ಎರಡನೆಯವರ ಅಳತೆಗೆ, ಏಕೆಂದರೆ ಹಿಂದೆ ಬಿದ್ದವರು ಮೂರನೆಯ ತಿಂಗಳಿಗೇ ಬರುವುದನ್ನು ಬಿಡುತ್ತಾರೆ. ಪಂದ್ಯಕ್ಕೆ ಎರಡು ವಾರ ಉಳಿದಾಗ ಅಭ್ಯಾಸವನ್ನು ಮೊದಲು ಮುಕ್ಕಾಲಿಗೂ ಕೊನೆಗೆ ಅರ್ಧಕ್ಕೂ ಇಳಿಸಬೇಕು. ಹಾಗೆ ಉಳಿದ ಹೊತ್ತಿನಲ್ಲಿ ಟೈರು, ಬ್ರೇಕುಗಳನ್ನು ನೋಡಿಸಿಕೊಂಡು, ಪಂದ್ಯದ ಬೆಳಿಗ್ಗೆ ತಿನ್ನುವ ಇಡ್ಲಿಯನ್ನು ಯಾವ ಮನೆಯಿಂದ ತರಿಸುವುದೆಂದು ಗೊತ್ತುಮಾಡಬಹುದು.