ನಿಮಗಿದು ಗೊತ್ತೆ? ಆಟದ ಟ್ಯಾಂಕಿಗೂ ನಿಧಾನವೇ ಚೆಂದ

ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರ್-1ರ ಟರೆಟ್, ಅಂದರೆ ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ, ಒಂದು ಪೂರ್ತಿ ಸುತ್ತು ಹಾಕಲು ಸುಮಾರು ಒಂದು ನಿಮಿಷ ಬೇಕಿತ್ತು. ತಿರುಗಿಸುವ ಶಕ್ತಿ ಎಂಜಿನ್‌ನಿಂದಲೇ ಬರುತ್ತಿದ್ದುದರಿಂದ ಎಂಜಿನ್ ನಿಧಾನವಾದರೆ ಟರೆಟ್ ಕೂಡ ನಿಧಾನ. ಎಂಜಿನ್ ನಿಂತೇ ಹೋದರೆ? ಒಂದು ಸುತ್ತಿಗೆ ಗನ್ನರ್ ತನ್ನ ಕೈಚಕ್ರವನ್ನು ಸುಮಾರು 720 ಸಲ ತಿರುಗಿಸಬೇಕಿತ್ತು! ಅಮೆರಿಕದ ಶರ್ಮನ್ ಟ್ಯಾಂಕಿಗೆ ಅದೇ ಸುತ್ತಿಗೆ 15 ಸೆಕೆಂಡು ಸಾಕಾಗುತ್ತಿತ್ತು.

ರೇಡಿಯೊ ನಿಯಂತ್ರಿತ ಮಾದರಿ ಟ್ಯಾಂಕ್‌ಗಳ ಹವ್ಯಾಸಿಗಳು ಈ ವ್ಯತ್ಯಾಸವನ್ನೂ ಬಿಡುವುದಿಲ್ಲ. 1:16 ಅಳತೆಯ ಟೈಗರ್ ಗಿರಗಿಟ್ಲೆಯಂತೆ ಗಿರ್ರನೆ ತಿರುಗಿದರೆ ನೋಡುವ ಸೊಗಸೇ ಹಾಳು. ಮೋಟಾರಿಗೆ ರೆಸಿಸ್ಟರ್ ಜೋಡಿಸಿದರೆ ವೇಗವೇನೋ ತಗ್ಗುತ್ತದೆ. ಆದರೆ ಹೊರಡುವಾಗ ಬೇಕಾದ ಬಲವೂ ಕುಂದಿ, ಟರೆಟ್ ಮೊದಲು ಮಿಸುಕದೆ ಆಮೇಲೆ ಥಟ್ಟನೆ ಜಿಗಿಯಬಹುದು. ಅದಕ್ಕಿಂತ ಪಲ್ಸ್ ವಿಡ್ತ್ ಮಾಡ್ಯುಲೇಶನ್ ಮೇಲು. ಇಲ್ಲಿ ಬ್ಯಾಟರಿಯ ಪೂರ್ಣ ವೋಲ್ಟೇಜನ್ನೇ ಕ್ಷಣಕ್ಷಣಕ್ಕೂ ಆನ್-ಆಫ್ ಮಾಡುತ್ತ ಮೋಟಾರಿಗೆ ಕೊಡಲಾಗುತ್ತದೆ. ಆನ್ ಇರುವ ಅವಧಿ ಚಿಕ್ಕದಾದಷ್ಟೂ ವೇಗ ಕಡಿಮೆ. ಎಲ್ಲಕ್ಕಿಂತ ಒಳ್ಳೆಯದು ವೇಗ ತಗ್ಗಿಸುವ ಗೇರ್‌ಬಾಕ್ಸ್: ಅದರಲ್ಲಿ ವೇಗ ಇಳಿದಂತೆ ತಿರುಗಿಸುವ ಬಲ ಏರುತ್ತದೆ.